ನದೀಮೂಲ, ಋಷಿಮೂಲ, ಪೆಟ್ಟಿಗೆಮೂಲ

ಅವ್ವನಿಗೆ ಕಣ್ಣು ಕಾಣದಾದ ಮೇಲೆ ನಮ್ಮ ಮನೆಗೆ ಓದುವ ಪೆಟ್ಟಿಗೆ ಬಂತು. ಅದರ ಕೆಳಗೆ ಅಚ್ಚಾದ ಹಾಳೆ ಇಟ್ಟು ಗುಂಡಿ ಒತ್ತಿದರೆ ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ. ಎಸ್ಪ್ಲನೇಡಿನ ಅಂಗಡಿಯವನು ಅದರ ನೆತ್ತಿಗೆ ಅಂಟಿಸಿದ ಚೀಟಿ ತೋರಿಸಿ, ಇದು ಅಪ್ಪಟ ಸ್ವದೇಶಿ, ಹೌರಾದಲ್ಲೇ ಹುಟ್ಟಿದ್ದು ಎಂದ. ಕೊಲ್ಕತ್ತದಲ್ಲಿ ಅವ್ವನ ಜೊತೆ ದಿನವಿಡೀ ಕನ್ನಡ ಆಡುವವರು ಯಾರಿದ್ದಾರೆ? ನಾನು ಕಾಲೇಜಿಗೆ ಪಾಠ ಮಾಡಲು ಹೋಗುತ್ತೇನೆ. ನನ್ನ ಮಗಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಪೆಟ್ಟಿಗೆಯಾದರೂ ಮಾತಾಡಲಿ ಎಂದು ತಂದೆ.

ಮೊದಲ ಸಂಜೆ ಧ್ವನಿ ಪರೀಕ್ಷೆಯ ಗುಂಡಿ ಒತ್ತಿದೆ.

"ಚಾ ಆತೇನು? ಇಲ್ಲಂದ್ರ ನಾನ ಮಾಡ್ತೀನಿ," ಎಂದಿತು ಪೆಟ್ಟಿಗೆ.

ಅವ್ವ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. "ಇದು ನಿಮ್ಮಪ್ಪನ ಮಾತು," ಎಂದಳು. "ಇನ್ನೊಮ್ಮೆ ಒತ್ತು."

ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಒಂದೇ, ಕಂಪ್ಯೂಟರಿಗೆ ಕನ್ನಡ ಉಚ್ಚಾರಣೆ ಕಲಿಸುವುದು. ಎಲ್ಲೆಲ್ಲೋ ಕೂತವರೆಲ್ಲ ಸೇರಿ ಬರೆಯುತ್ತಿದ್ದ ಒಂದು ಮುಕ್ತ ತಂತ್ರಾಂಶಕ್ಕೆ ಕನ್ನಡದ ನಿಯಮಗಳನ್ನು ಬರೆದುಕೊಟ್ಟವರು ಅವರೇ. ಪರೀಕ್ಷೆಗೊಂದು ವಾಕ್ಯ ಬೇಕಿತ್ತು. ದಿನಾ ಸಂಜೆ ಅವ್ವನಿಗೆ ಹೇಳುತ್ತಿದ್ದುದನ್ನೇ ಹಾಕಿಬಿಟ್ಟರು. ಮಾಡ್ತೀನಿ ಅನ್ನುತ್ತಿದ್ದರೇ ಹೊರತು ಒಂದು ದಿನವೂ ಚಹಾ ಮಾಡಿದ ಪುಣ್ಯಾತ್ಮರಲ್ಲ.

ಆ ತಂತ್ರಾಂಶದ ಲೈಸೆನ್ಸ್ ಸರಳವಾದದ್ದು. ಯಾರು ಬೇಕಾದರೂ ಬಳಸಿ, ಪೆಟ್ಟಿಗೆಯೊಳಗೆ ತುಂಬಿ ಮಾರಿ. ಆದರೆ ಕೊಂಡವರು ಕೇಳಿದರೆ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಕೊಡಿ, ಬರೆದವರ ಹೆಸರು ಅಳಿಸಬೇಡಿ. ಪಕ್ಕದ ಮನೆಯಿಂದ ಹೆಪ್ಪು ತಂದವರು ನಾಳೆ ಯಾರಾದರೂ ಕೇಳಿದರೆ ಒಂದು ಚಮಚ ಹೆಪ್ಪು ಕೊಡುವುದಿಲ್ಲವೇ, ಅಷ್ಟೇ. ಈ ಕಂಪನಿಯವರು ಹೆಪ್ಪು ತಂದು, ಹಸು ಕೂಡ ನಮ್ಮದೇ ಎಂದು ಬೋರ್ಡು ಹಾಕಿದ್ದರು. ಪೆಟ್ಟಿಗೆಯಲ್ಲಿ 'ನಮ್ಮ ಬಗ್ಗೆ' ಎಂಬ ಗುಂಡಿಯಿತ್ತು. ಒತ್ತಿದರೆ ಕಂಪನಿಯ ಹೆಸರು, ನಿರ್ದೇಶಕರ ಹೆಸರು, ಕೊನೆಗೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ'.

"ಅವರ ಹೆಸರು?" ಅವ್ವ ಕೇಳಿದಳು.

"ಇಲ್ಲ."

"ಇದು ಅವರ ಹೆಸರು ಹೇಳಬೇಕು. ನಾ ಕೇಳಬೇಕು."

ಕಂಪನಿಗೆ ಫೋನು ಮಾಡಿ, ಪೆಟ್ಟಿಗೆಯ ಸೋರ್ಸ್ ಬೇಕು ಎಂದೆ. ಆ ಕಡೆಯ ಹೆಣ್ಣುಮಗಳು ದನಿ ತಗ್ಗಿಸಿ, "ಆಪ್ನಾರ್ ಸೋರ್ಸ್ ಕೆ?" ಎಂದಳು, ನಿಮ್ಮ ಸೋರ್ಸ್ ಯಾರು ಅಂತ. ಈ ಊರಿನಲ್ಲಿ ಸೋರ್ಸ್ ಅಂದರೆ ಒಳಗಿದ್ದು ಕೆಲಸ ಮಾಡಿಸಿಕೊಡುವ ಆಸಾಮಿ. ನನಗೆ ಅಂಥವರು ಯಾರೂ ಇಲ್ಲ ಎಂದಾಗ ಪಾಪ, ಅವಳಿಗೇ ಮರುಕವಾಯಿತು. ಹಾಗಾದರೆ ಲೈಸೆನ್ಸ್ ಏನಿದೆಯೋ ಅದನ್ನಾದರೂ ಕಳಿಸಿ ಎಂದೆ. ಮರುದಿನ ಮೊಬೈಲಿಗೆ ಫೋಟೊ ಬಂತು: ಅಂಗಡಿ ನಡೆಸಲು ಪಾಲಿಕೆ ಕೊಟ್ಟ ಟ್ರೇಡ್ ಲೈಸೆನ್ಸ್, ಕಟ್ಟು ಹಾಕಿಸಿ ಚೆಂಡುಹೂವಿನ ಮಾಲೆ ತೊಡಿಸಿದ್ದು. ಇದಲ್ಲಮ್ಮ, ತಂತ್ರಾಂಶದ್ದು, ಜಿಪಿಎಲ್ ಎಂಬ ಲೈಸೆನ್ಸ್ ಎಂದೆ. "ದೀದಿ, ಬಿಪಿಎಲ್ ಕಾರ್ಡಿಗೆ ನಮ್ಮಲ್ಲಿ ರಿಯಾಯಿತಿ ಇಲ್ಲ," ಎಂದಳು. ಮೇಲಿನವರ ಜೊತೆ ಮಾತಾಡಿಸು ಎಂದು ಗದರಿದರೆ, "ಪೂಜೋರ್ ಪೊರೆ." ಪೂಜೆ ಮುಗಿಯಲಿ. ದುರ್ಗೆ ಮುಳುಗಿದಳು, ಲಕ್ಷ್ಮಿ ಬಂದಳು, ಹಿಂದೆಯೇ ಕಾಳಿ ಬಂದಳು. ಈ ಊರಿನಲ್ಲಿ ದೇವರುಗಳು ಪಾಳಿಯ ಮೇಲೆ ಕಂಪನಿಗಳನ್ನು ಕಾಯುತ್ತಾರೆ.

ಕಡೆಗೆ ಅವ್ವನನ್ನೂ ಪೆಟ್ಟಿಗೆಯನ್ನೂ ಕರೆದುಕೊಂಡು ಲಾಂಚಿನಲ್ಲಿ ಗಂಗೆ ದಾಟಿ ಹೌರಾಕ್ಕೆ ಹೋದೆ. ಟೈ ಕಟ್ಟಿದ ಮ್ಯಾನೇಜರು ಬಹಳ ಮರ್ಯಾದಸ್ಥ. ಸೋರ್ಸ್ ಕೋಡ್ ಅನ್ನುವುದು ಕಂಪನಿಯ ಗುಟ್ಟು, ಅದನ್ನು ಕೇಳಬಾರದು ಎಂದು ಹಿಂದಿಯಲ್ಲಿ ತಿಳಿಹೇಳಿದ. ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರಲ್ಲ, ಆ ಸಾಲಿಗೆ ಪೆಟ್ಟಿಗೆಮೂಲವೂ ಸೇರಿದ್ದು ನನಗೆ ತಿಳಿದಿರಲಿಲ್ಲ. ಕನ್ನಡದ ಪ್ರತಿ ಅಕ್ಷರವನ್ನೂ ನಮ್ಮ ಎಂಜಿನಿಯರುಗಳೇ ಕೂತು ಬರೆದಿದ್ದಾರೆ ಎಂದೂ ಸೇರಿಸಿದ.

ಅವ್ವ ತಡಕಾಡಿ ಗುಂಡಿ ಒತ್ತಿದಳು. "ಚಾ ಆತೇನು? ಇಲ್ಲಂದ್ರ ನಾನ ಮಾಡ್ತೀನಿ."

"ಕೇಳಿದಿರಾ? ಎಷ್ಟು ಮಧುರ!" ಎಂದ ಮ್ಯಾನೇಜರು. "ನಮ್ಮ ಕಂಪನಿಗೆ ಸ್ವಾಗತ ಅಂತ ಕನ್ನಡದಲ್ಲಿ ಹೇಳುತ್ತಿದೆ."

ನಾನು ಅದನ್ನು ಅವ್ವನಿಗೆ ಹೇಳಿದೆ. ಅವಳು ನಕ್ಕಳು. "ಸ್ವಾಗತ ಅಲ್ಲೋ ತಮ್ಮಾ. ಚಾ ಆತೇನು ಅಂತ ನನ್ನ ಗಂಡ ಕೇಳ್ಯಾರ."

ಅವನಿಗೆ ಅರ್ಥವಾದದ್ದು ಚಾ ಒಂದೇ. ಕೂಡಲೇ ಗಂಟೆ ಒತ್ತಿ ಎಲ್ಲರಿಗೂ ಚಾ ತರಿಸಿದ. ಕುಡಿಯುತ್ತ ನಾನು ಪೂರ್ತಿ ಅನುವಾದಿಸಿದೆ: ಕೇಳಿದವರು ಯಾರು, ಯಾರನ್ನು, ಯಾವ ಅಡುಗೆಮನೆಯಲ್ಲಿ. ಅವನ ಮುಖದ ಬಣ್ಣ ಇಳಿಯಿತು. ಮುಂದಿನ ಅಪ್‌ಡೇಟಿನಲ್ಲಿ ಲೈಸೆನ್ಸನ್ನು ಸಂಪೂರ್ಣ ಪಾಲಿಸುತ್ತೇವೆ ಎಂದು ಮಾತು ಕೊಟ್ಟ.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಪ್‌ಡೇಟು ತಾನಾಗಿಯೇ ಬಂದು ಪೆಟ್ಟಿಗೆಯೊಳಗೆ ಕೂತಿತು. ಅಪ್ಪನ ಹೆಸರು ಸೇರಿತ್ತು, ಪೆಟ್ಟಿಗೆಯ ಪುಟ್ಟ ಪರದೆಯ ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಬೂದು ಅಕ್ಷರಗಳಲ್ಲಿ. ಕಣ್ಣಿಲ್ಲದವರಿಗೆಂದೇ ಮಾಡಿದ ಪೆಟ್ಟಿಗೆ ಅದೊಂದನ್ನು ಮಾತ್ರ ಓದಿ ಹೇಳುತ್ತಿರಲಿಲ್ಲ. ಸೋರ್ಸ್ ಕೋಡಿಗೆ ಕೊಂಡಿಯೂ ಇತ್ತು. ತೆರೆದರೆ ಅದೇ ಟ್ರೇಡ್ ಲೈಸೆನ್ಸ್, ಮಾಲೆ ಸಮೇತ. ಧ್ವನಿ ಪರೀಕ್ಷೆಯ ಗುಂಡಿ ಒತ್ತಿದರೆ ಈಗ ಬೇರೆ ಮಾತು: "ನಮಸ್ಕಾರ, ನಮ್ಮ ಕಂಪನಿಗೆ ಸ್ವಾಗತ."

ಅವ್ವ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಆಮೇಲೆ ಪೆಟ್ಟಿಗೆಯನ್ನು ದೂರ ಸರಿಸಿ ಗೋಡೆಯ ಕಡೆ ತಿರುಗಿ ಕೂತಳು.

ನನ್ನ ಮೈಯೆಲ್ಲ ಉರಿಯಿತು. ಕಳ್ಳ ಸಿಕ್ಕಿಬಿದ್ದದ್ದಕ್ಕೆ ಕದ್ದ ಮಾಲನ್ನು ಗಂಗೆಗೆ ಎಸೆದು, ಇಗೋ ಕಾನೂನು ಪಾಲಿಸಿದೆ ಎಂದಿದ್ದ. ಇವರ ಮನೆ ಹಾಳಾಗ ಎಂದು ಶಪಿಸುತ್ತಲೇ ಕಂಪ್ಯೂಟರಿನ ಮುಂದೆ ಕೂತೆ. ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಅಪ್ಪನ ಪೂರ್ತಿ ಹೆಸರು ಟೈಪು ಹೊಡೆದೆ, ಅದರ ಕೆಳಗೆ ಆ ವಾಕ್ಯ. ಅಚ್ಚು ತೆಗೆದು ಪೆಟ್ಟಿಗೆಯ ಕೆಳಗಿಟ್ಟು ಗುಂಡಿ ಒತ್ತಿದೆ. ಓದುವುದೇ ಅದರ ಕಸುಬು, ಓದಲೇಬೇಕು.

ಅಪ್ಪನ ಹೆಸರಿನಲ್ಲಿ ಒಂದು ಳಕಾರ ಬರುತ್ತದೆ. ಈ ಊರಿನಲ್ಲಿ ಅವರು ನೌಕರಿ ಮಾಡಿದಷ್ಟು ವರ್ಷವೂ ಒಬ್ಬರೂ ಅದನ್ನು ಸರಿಯಾಗಿ ಅಂದಿರಲಿಲ್ಲ, ಎಲ್ಲರ ಬಾಯಲ್ಲೂ ಲ. ಪೆಟ್ಟಿಗೆ ನಾಲಿಗೆ ಮಡಿಚಿದ ಹಾಗೆ, ತುಂಬು ಳಕಾರದಲ್ಲಿ ಅಂದಿತು. ಅದನ್ನು ಕಲಿಸಿದವರೇ ಅವರಲ್ಲವೇ.

ಅವ್ವ ಈ ಕಡೆ ತಿರುಗಿದಳು. ಪೆಟ್ಟಿಗೆ ಮುಂದಿನ ಸಾಲು ಓದಿತು. "ಚಾ ಆತೇನು? ಇಲ್ಲಂದ್ರ ನಾನ ಮಾಡ್ತೀನಿ."

"ಆಗಿಲ್ರಿ," ಎಂದಳು ಅವ್ವ, ಸೆರಗು ಸರಿಮಾಡಿಕೊಳ್ಳುತ್ತ. "ಇವತ್ತರ ನೀವ ಮಾಡ್ರಿ."