ಮೂವತ್ತರ ಮೊಳೆ

ಕಣ್ಣಿನ ವೈದ್ಯದಲ್ಲಿ ಹೆಸರಾದವರು ಬಹುಮಟ್ಟಿಗೆ ಕಣ್ಣಿನ ಒಂದೊಂದು ಭಾಗಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ಒಬ್ಬರು ಪೊರೆಗೆ, ಒಬ್ಬರು ಹಿಂಬದಿಯ ಪರದೆಗೆ, ಮತ್ತೊಬ್ಬರು ಕಣ್ಣಿನ ಒತ್ತಡಕ್ಕೆ. ಈ ವರ್ಷ ನಮ್ಮ ಆಸ್ಪತ್ರೆಯ ನೇತ್ರ ವಿಭಾಗದಿಂದ ನಿವೃತ್ತರಾಗುತ್ತಿರುವ ಮೇಡಂ ಅವರು ಹಾಗೆ ಪಾಲು ಮಾಡಿಕೊಳ್ಳಲು ಒಪ್ಪದವರು. ಕಣ್ಣಿಗೂ ಒಂದು ಆಯುಸ್ಸಿದೆ, ಅದರ ಪ್ರತಿ ಮೆಟ್ಟಿಲಿನಲ್ಲೂ ಕಾವಲು ಬೇಕು ಎಂದು ನಂಬಿ, ಹೆರಿಗೆ ವಾರ್ಡಿನ ತೊಟ್ಟಿಲುಗಳಿಂದ ಹಿಡಿದು ಊರುಗೋಲೂರಿ ಬರುವ ಅಜ್ಜಂದಿರವರೆಗೆ ಎಲ್ಲರ ಕಣ್ಣನ್ನೂ ಒಂದೇ ಶ್ರದ್ಧೆಯಿಂದ ನೋಡಿದವರು. ನಾನು ಅವರ ವಿದ್ಯಾರ್ಥಿನಿಯಾಗಿದ್ದೆ. ಆಮೇಲೆ ಅದೇ ವಿಭಾಗದಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಅವರ ಬಗ್ಗೆ ನಾಲ್ಕು ಮಾತು ಬರೆಯಲು ಕೇಳಿದಾಗ ನನಗೆ ಮೊದಲು ನೆನಪಾದದ್ದು ಕಾರಿಡಾರಿನ ಗೋಡೆ.

ಪಾಠದ ಕೋಣೆಗೆ ಹೋಗುವ ಆ ಕಾರಿಡಾರಿನಲ್ಲಿ, ಬಾಗಿಲಿನಿಂದ ಕಿಟಕಿಯವರೆಗೆ, ಮೇಡಂ ಚೌಕಟ್ಟುಗಳ ಒಂದು ಸಾಲನ್ನು ನೇತುಹಾಕಿದ್ದಾರೆ. ಒಂದೊಂದು ಚೌಕಟ್ಟಿನಲ್ಲಿ ಕಣ್ಣಿನ ಒಳಗನ್ನು ತೋರಿಸುವ ಎರಡು ಚಿತ್ರ, ಬಲಗಣ್ಣು ಮತ್ತು ಎಡಗಣ್ಣು. ಕಿತ್ತಳೆ ಬಣ್ಣದ ನೆಲ, ಕವಲೊಡೆದ ರಕ್ತನಾಳಗಳು, ತಿಳಿಹಳದಿ ವೃತ್ತವಾಗಿ ನರದ ಬುಡ. ಎಲ್ಲವೂ ಆರೋಗ್ಯವಂತ ಕಣ್ಣುಗಳೇ. "ಕಾಯಿಲೆ ಗುರುತಿಸೋದು ಆಮೇಲೆ. ಚೆನ್ನಾಗಿರೋದು ಹೇಗಿರುತ್ತೆ ಅಂತ ಮೊದ್ಲು ಕಲೀರಿ" ಎಂಬುದು ಅವರ ಮೊದಲ ಪಾಠ. ಬಾಗಿಲ ಬಳಿ ಹಸುಗೂಸಿನ ಕಣ್ಣು, ಕಿಟಕಿಯ ಬಳಿ ತೊಂಬತ್ತು ದಾಟಿದ ಅಜ್ಜಿಯದು. ಒಂದೊಂದು ವಯಸ್ಸಿಗೆ ಒಂದೊಂದು ಮೊಳೆ, ನಡುವೆ ಇರುವವರೆಲ್ಲ ನಮ್ಮವರೇ. ವರ್ಷಕ್ಕೊಮ್ಮೆ ಹೊಸ ಚಿತ್ರ ತೆಗೆಯಬೇಕು, ವಯಸ್ಸು ತುಂಬಿದವರು ಮುಂದಿನ ಮೊಳೆಗೆ ಹೋಗಬೇಕು ಎಂಬುದು ಗೋಡೆಯ ನಿಯಮ. ವಿಭಾಗದ ಹಳೆಯ ಅಟೆಂಡರ್ ಮಾಮ ಇದಕ್ಕೆ ಬಡ್ತಿ ಎಂದು ಹೆಸರಿಟ್ಟಿದ್ದರು. ಐವತ್ತರ ಮೊಳೆಗೆ ಬಂದ ದಿನ ಅವರು, "ಆಫೀಸಲ್ಲಂತೂ ಸಿಗಲಿಲ್ಲ, ಗೋಡೆ ಮೇಲಾದ್ರೂ ಸಿಕ್ತಲ್ಲ" ಎಂದು ಎಲ್ಲರಿಗೂ ಟೀ ಕೊಡಿಸಿದರು.

ಮೇಡಂ ಅವರ ಬಿಳಿ ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಟಾರ್ಚು ಇರುತ್ತಿತ್ತು. ಎದುರಿಗೆ ಮೇಡಂ, ಬೆನ್ನ ಹಿಂದೆ ಟಾರ್ಚಮ್ಮ. ಅದು ಅವರಿಗೂ ಗೊತ್ತಿತ್ತು. ಮೆಳ್ಳಗಣ್ಣಿನ ಹುಡುಗಿಯೊಬ್ಬಳು ಸೋಮಾರಿ ಕಣ್ಣು ದುಡಿಯಲೆಂದು ಒಳ್ಳೆಯ ಕಣ್ಣಿಗೆ ಹಾಕುವ ಪಟ್ಟಿ ಬೇಡವೆಂದು ಹಟ ಹಿಡಿದಾಗ, ತಮ್ಮ ಕಣ್ಣಿಗೂ ಒಂದು ಪಟ್ಟಿ ಅಂಟಿಸಿಕೊಂಡು, "ಇಬ್ಬರಲ್ಲಿ ಯಾರು ಮೊದ್ಲು ತೆಗೀತಾರೋ ನೋಡೋಣ" ಎಂದು ಇಡೀ ದಿನ ಒಂದೇ ಕಣ್ಣಿನಲ್ಲಿ ರೋಗಿಗಳನ್ನು ನೋಡಿದರು. ಪತ್ರಿಕೆಯನ್ನು ತೋಳುದ್ದ ಹಿಡಿದು ಓದುತ್ತಿದ್ದ ಮೇಷ್ಟ್ರಿಗೆ, "ಕೈ ಇನ್ನು ಉದ್ದ ಬೆಳೆಯಲ್ಲ ಮೇಷ್ಟ್ರೇ, ಕನ್ನಡಕ ಹಾಕ್ಕೊಳ್ಳಿ" ಎಂದರು. ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಬಂದು ಕಣ್ಣು ತೋರಿಸಲೇಬೇಕು, ಬಾರದವರ ಮನೆಗೆ ಅವರೇ ಫೋನು ಮಾಡುತ್ತಿದ್ದರು. ವಯಸ್ಸಾಯಿತು, ಇನ್ನು ನೋಡುವುದೇನಿದೆ ಎಂದು ಪೊರೆಯ ಆಪರೇಷನ್ ಮುಂದೂಡುತ್ತಿದ್ದ ಅಜ್ಜಿಯನ್ನು ಒಪ್ಪಿಸಿದ್ದು ಹೀಗೆ: "ಸೊಸೆ ಮುಖ ಗಂಟು ಹಾಕಿದ್ದು ಕಾಣಬೇಡ್ವಾ ಅಜ್ಜಿ? ಕಾಣದಿದ್ರೆ ಜಗಳದ ಅರ್ಧ ಮಜಾನೇ ಹೋಯ್ತು." ಪಕ್ಕದಲ್ಲಿದ್ದ ಸೊಸೆಯೂ ನಕ್ಕಳು.

ನಾನು ಕೊನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ವಿಭಾಗಕ್ಕೆ ಹೊಸ ಕ್ಯಾಮೆರಾ ಬಂತು. ಅದನ್ನು ಜೋಡಿಸಿದ ಮೆಕ್ಯಾನಿಕ್, ಎಲ್ಲ ಸರಿಯಾಗಿದೆ ಎಂದು ಪೆಟ್ಟಿಗೆ ಮುಚ್ಚಿ ಹೊರಟಿದ್ದರು.

"ಸರಿಯಾಗಿದೆ ಅಂತ ನೀವು ಹೇಳಿದ್ರೆ ಆಯ್ತಾ? ನಿಮ್ಮ ಕಣ್ಣೇ ಇಡಿ, ನೋಡೋಣ" ಎಂದರು ಮೇಡಂ.

"ನಾನು ಮಿಷನ್ ರಿಪೇರಿ ಮಾಡೋನು ಮೇಡಂ."

"ಹಾಗಾದ್ರೆ ನಿಮ್ಮದೂ ರಿಪೇರಿ ಇದೆಯಾ ನೋಡೇಬಿಡೋಣ."

ಪಾಪೆ ಹಿಗ್ಗಿಸುವ ಹನಿ ಹಾಕಿ ಅವರನ್ನು ಕೂರಿಸಿದೆವು. ಚಿತ್ರ ತೆಗೆಯುವ ಕೆಲಸ ನನಗೆ ಬಂತು. ಹಸಿರು ದೀಪವನ್ನೇ ನೋಡಿ ಎಂದೆ. ಬಲಗಣ್ಣು ಚೆನ್ನಾಗಿ ಬಂತು, ಎಡಗಣ್ಣು ತುಸು ಓರೆಯಾಯಿತು. ಹಸಿರು ದೀಪದ ಪಕ್ಕದಲ್ಲಿ ನನ್ನ ಕಿವಿ ಕಾಣುತ್ತಿತ್ತು ಎಂದು ಅವರು ಆಮೇಲೆ ಹೇಳಿದರು. ಹನಿಯ ಪ್ರಭಾವ ಇಳಿದಿರಲಿಲ್ಲ. ಬಿಸಿಲಿಗೆ ಹೋದವರು ಗೇಟಿನ ಕಂಬಕ್ಕೆ "ಸಾರಿ" ಹೇಳಿ ಹಿಂದಿರುಗಿದರು. "ಬಸ್ ಸ್ಟಾಪಿನ ತನಕ ಬಿಟ್ಟು ಬಾ. ನಂಬರ್ ಓದಿ ಹೇಳಿ ಹತ್ತಿಸು" ಎಂದು ಮೇಡಂ ನನ್ನನ್ನು ಕಳಿಸಿದರು. ಬಂದ ಪ್ರತಿ ಬಸ್ಸಿನ ನಂಬರನ್ನೂ ಓದಿ ಹೇಳಿದೆ. ನನ್ನದು ಇನ್ನೂ ಬಂದಿಲ್ಲ ಎನ್ನುತ್ತಾ ಅವರು ನಿಂತೇ ಇದ್ದರು. ಮೊದಲು ಬಂದದ್ದೇ ಅವರ ಬಸ್ಸು ಎಂಬುದು ನನಗೆ ನಮ್ಮಿಬ್ಬರ ಮದುವೆಯಾದ ಮೇಲೆ ತಿಳಿಯಿತು.

ಮೂವತ್ತರ ಮೊಳೆ ಆಗ ಖಾಲಿ ಇತ್ತು. ಈ ಮೆಕ್ಯಾನಿಕ್‌ಗೆ ಇನ್ನೂ ಮೂವತ್ತು ತುಂಬದಿದ್ದರೂ ಮೇಡಂ ಅಲ್ಲಿ ಹಾಕಿದ್ದು ಇವರ ಚಿತ್ರವನ್ನೇ. ನನ್ನದು ಅದರ ಹಿಂದಿನ ಇಪ್ಪತ್ತೈದರಲ್ಲಿ. ಪ್ರತಿ ವರ್ಷ ಹೊಸ ಚಿತ್ರಕ್ಕೆ ಕರೆದರೆ, "ಮತ್ತೆ ಹನಿ ಹಾಕಿ ಕಂಬದ ಹತ್ರ ಮಾತಾಡಿಸ್ತೀರಾ? ಇದೇ ಇರಲಿ ಬಿಡಿ" ಎಂದು ತಪ್ಪಿಸಿಕೊಳ್ಳುತ್ತಿದ್ದರು. ಯಾವ ನೆಪಕ್ಕೂ ಬಗ್ಗದ ಮೇಡಂ ಈ ಒಂದು ನೆಪಕ್ಕೆ ಬಗ್ಗಿದ್ದರು.

ನಮ್ಮ ಮದುವೆಯಾಗಿ ನಾಲ್ಕನೆಯ ವರ್ಷ ನನ್ನವರಿಗೆ ಜ್ವರ ಬಂತು. ಆ ಜ್ವರದಲ್ಲೇ ಹೋದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾನು ಕೆಲಸಕ್ಕೆ ಮರಳಿದಾಗ ಮೇಡಂ ಸಾಂತ್ವನದ ಮಾತು ಆಡಲಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕಣ್ಣು ಪರೀಕ್ಷಿಸಲು ಹೋಗುವಾಗ ನನ್ನನ್ನು ಕರೆದುಕೊಂಡು ಹೋದರು. "ಮಾತಾಡಬೇಕಾಗಿಲ್ಲ. ತಲೆ ಅಲ್ಲಾಡದ ಹಾಗೆ ಹಿಡ್ಕೋ, ಸಾಕು." ಅಂಗೈಯಗಲದ ತಲೆಗಳು. ಅವು ನನ್ನ ಪಾಲಿನದನ್ನೂ ಸೇರಿಸಿ ಅಳುತ್ತಿದ್ದವು. ನನಗೆ ಅಳು ಬಂದಿರಲಿಲ್ಲ. ಕಣ್ಣು ಮಾತ್ರ ಉರಿಯುತ್ತಿತ್ತು. ಅದನ್ನು ಅವರೇ ಗಮನಿಸಿ ಒಂದು ದಿನ ನನ್ನನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ ಟಾರ್ಚು ಹಿಡಿದರು.

"ರೆಪ್ಪೆ ಬಡಿಯೋದನ್ನೇ ಮರೆತಿದ್ದೀಯ. ಪೂರ್ತಿ ಒಣಗಿದೆ" ಎಂದು ಒಂದು ಸೀಸೆ ಕೈಗಿಟ್ಟರು. ಕಣ್ಣೀರಿನ ಬದಲಿಗೆ ಹಾಕುವ ಹನಿ. "ಅಳೋದು ಬಿಡೋದು ನಿನ್ನಿಷ್ಟ. ಒಣಗೋದಕ್ಕೆ ಮಾತ್ರ ನಾನು ಬಿಡಲ್ಲ."

ಕಾರಿಡಾರಿನಲ್ಲಿ ಮೂವತ್ತರ ಮೊಳೆ ಖಾಲಿಯಾಗಿತ್ತು. ಚೌಕಟ್ಟು ಮೇಡಂ ಅವರ ಮೇಜಿನ ಖಾನೆಯಲ್ಲಿತ್ತು. ಹೊಸ ವಿದ್ಯಾರ್ಥಿಗಳು ಕೇಳಿದರೆ, "ಆ ಚಿತ್ರ ರಜೆಯಲ್ಲಿದೆ. ಮುಂದೆ ನಡೀರಿ" ಎನ್ನುತ್ತಿದ್ದರು. ತನ್ನ ಕಣ್ಣಿನ ಚಿತ್ರ ಕೊಡಲು ಮುಂದೆ ಬಂದ ಕಿರಿಯ ವೈದ್ಯರಿಗೆ, ಆ ಜಾಗ ಭರ್ತಿಯಾಗಿದೆ ಎಂದರು. ಹೀಗೆ ನಮ್ಮ ವಿಭಾಗದಲ್ಲಿ ಇಷ್ಟು ಕಾಲ ಮನುಷ್ಯರ ಕಣ್ಣು ಇಪ್ಪತ್ತೈದರಿಂದ ನೇರವಾಗಿ ನಲವತ್ತಕ್ಕೆ ಹೋಗುತ್ತಿತ್ತು. ದಿನಕ್ಕೆ ಎಷ್ಟೋ ಸಲ ನಾನು ಆ ಗೋಡೆಯ ಮುಂದೆ ನಡೆಯುತ್ತಿದ್ದೆ. ಮನೆಯಲ್ಲಿ ಅವರ ಮುಖದ ಚಿತ್ರಗಳಿವೆ. ಅವುಗಳಲ್ಲಿ ಅವರು ಯಾರ್ಯಾರನ್ನೋ ನೋಡಿ ನಗುತ್ತಿದ್ದಾರೆ. ಖಾನೆಯೊಳಗಿದ್ದ ಚಿತ್ರ ತೆಗೆದಾಗ ಅವರೆದುರು ಇದ್ದವಳು ನಾನು. ಅದು ಬೇಕು ಎಂದು ಕೇಳಲೂ ಆಗಲಿಲ್ಲ, ಗೋಡೆಗೆ ಹಾಕಿ ಎನ್ನಲೂ ಆಗಲಿಲ್ಲ.

ಈ ವರ್ಷ ಬಡ್ತಿಯ ಸರದಿ ನನ್ನದು. ನಿಯಮದ ಪ್ರಕಾರ ನನ್ನ ಚಿತ್ರ ಮೂವತ್ತರ ಮೊಳೆಗೆ ಹೋಗಬೇಕು, ಅವರ ಜಾಗಕ್ಕೆ. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವಯಸ್ಸು ತನ್ನಷ್ಟಕ್ಕೆ ತೆಗೆದುಕೊಂಡಿತ್ತು. ನಿವೃತ್ತಿಗೆ ಕೆಲವು ದಿನ ಮುಂಚೆ ಮೇಡಂ ಚೌಕಟ್ಟನ್ನು, ನನ್ನವರ ಎರಡು ಚಿತ್ರಗಳನ್ನು, ನನ್ನ ಎರಡನ್ನು ಮೇಜಿನ ಮೇಲಿಟ್ಟರು. "ನಾಳೆ ಗೋಡೆಯ ಪಾಠ ನೀನು ಮಾಡ್ತೀಯ. ಇನ್ನು ಮೇಲೆ ಅದು ನಿಂದೇ. ಏನು ಹಾಕ್ತೀಯೋ ಹಾಕು. ಖಾಲಿ ಬಿಡ್ತೀಯಾದ್ರೆ ಖಾಲಿ ಬಿಡು, ಯಾರೂ ಕೇಳದ ಹಾಗೆ ನಾನು ಹೇಳಿ ಹೋಗ್ತೀನಿ." ಬಾಗಿಲೆಳೆದುಕೊಂಡು ಹೊರಟರು.

ಮರುದಿನ ವಿದ್ಯಾರ್ಥಿಗಳ ಗುಂಪಿನ ಹಿಂದೆ ಮೇಡಂ ನಿಂತಿದ್ದರು. ಹಸುಗೂಸಿನಿಂದ ಶುರು ಮಾಡಿ ಒಂದೊಂದೇ ಮೊಳೆ ದಾಟಿ ಮೂವತ್ತಕ್ಕೆ ಬಂದೆ. ಏನು ಕಾಣುತ್ತದೆ ಎಂದು ಕೇಳಿದೆ. ಮುಂದಿದ್ದ ಹುಡುಗಿ ಹತ್ತಿರ ಬಂದು ನೋಡಿದಳು.

"ಒಬ್ಬರದೇ ಎರಡೂ ಕಣ್ಣು ಮೇಡಂ. ಎರಡೂ ಚೆನ್ನಾಗಿವೆ. ತೊಂದರೆ ಏನೂ ಇಲ್ಲ."

ಚೌಕಟ್ಟಿನಲ್ಲಿದ್ದದ್ದು ಅವರ ಬಲಗಣ್ಣು, ನನ್ನ ಎಡಗಣ್ಣು. ರಕ್ತನಾಳಗಳ ಕವಲು ಬೇರೆ ಬೇರೆ. ಪಳಗಿದ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ನಾನು ಗುಂಪಿನ ಹಿಂದಕ್ಕೆ ನೋಡಿದೆ. ತಮ್ಮ ಸೇವೆಯುದ್ದಕ್ಕೂ ಒಬ್ಬ ವಿದ್ಯಾರ್ಥಿಯ ಒಂದು ತಪ್ಪನ್ನೂ ತಿದ್ದದೆ ಬಿಡದ ಮೇಡಂ ಆ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಟಾರ್ಚನ್ನು ಜೇಬಿಗೆ ಹಾಕಿಕೊಂಡರು.

"ಮುಂದೆ ನಡೀರಿ" ಎಂದರು.

ಓರೆಯಾಗಿ ಬಂದ ಎಡಗಣ್ಣಿನ ಚಿತ್ರವನ್ನು ನಾನು ಮನೆಗೆ ತಂದಿದ್ದೇನೆ.

ಮೇಡಂ ಅವರ ಚಿತ್ರ ಈ ವರ್ಷ ಅರವತ್ತರ ಮೊಳೆಗೆ ಬಂದಿದೆ. ಮೂವತ್ತರಲ್ಲಿರುವ ಒಂದು ಕಣ್ಣು ಇನ್ನು ಸರಿಯುವುದಿಲ್ಲ. ಅದರ ಪಾಲಿನ ವರ್ಷಗಳೂ ಮೇಡಂ ಅವರಿಗೆ ಸೇರಲಿ. ಅವರು ವರ್ಷಕ್ಕೊಮ್ಮೆ ತಪ್ಪದೆ ಬಂದು ನನ್ನೆದುರು ಕೂತು ಹಸಿರು ದೀಪ ನೋಡಲಿ, ನಮ್ಮ ತಪ್ಪುಗಳನ್ನು ತಿದ್ದಿ ಹೋಗಲಿ. ಅವರ ಚಿತ್ರ ಎಪ್ಪತ್ತಕ್ಕೆ, ಎಂಬತ್ತಕ್ಕೆ, ಕಿಟಕಿಯ ಪಕ್ಕದ ತೊಂಬತ್ತಕ್ಕೆ ಸರಿಯುತ್ತಾ ಹೋಗಲಿ. ಕಿಟಕಿಯ ಆಚೆಗೂ ಗೋಡೆ ಇದೆ. ಅಲ್ಲಿ ಒಂದು ಮೊಳೆ ಹೊಡೆಸಿಟ್ಟಿದ್ದೇನೆ.