ಹೊಳೆ ದಾಟದ ಹಡಗಿನ ಗಡಿಯಾರ

ಸಾಣಾಪುರದ ಕೆರೆದಂಡೆಯ ರೆಸಾರ್ಟೊಂದರ ಗೋಡೆಯಲ್ಲಿ ನಿನ್ನೆ ಹಿತ್ತಾಳೆಯ ಗಡಿಯಾರ ಕಂಡೆ. ಮುಖದ ಮೇಲೆ ಲಂಗರಿನ ಚಿತ್ರ, ಕೆಳಗೆ ತೂಗುವ ಲೋಲಕ. "ಬ್ರಿಟಿಷರ ಯುದ್ಧದ ಹಡಗಿಂದ್ರಿ ಸರ್, ಒರಿಜಿನಲ್," ಎಂದ ಮಾಲೀಕ. ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆಯ ಹುಳಿವಾಸನೆಗೆ ಗಂಗಾವತಿಯ ನಮ್ಮ ದೊಡ್ಡಪ್ಪ ನೆನಪಾದ.

ದೊಡ್ಡಪ್ಪ ಇಂಥದ್ದನ್ನೇ ಹೈದರಾಬಾದಿನಿಂದ ತಂದಿದ್ದ. ಸಮುದ್ರವನ್ನೇ ಕಾಣದ ಮನುಷ್ಯ, ಬಂದವರ ಮುಂದೆಲ್ಲ ಬಾಯಲ್ಲೇ ತೋಪು ಹಾರಿಸಿ ಅದರ ಯುದ್ಧಗಳನ್ನು ವರ್ಣಿಸುತ್ತಿದ್ದ. ತಲೆಯಾಡಿಸಿದವರಿಗೆ ಚಹಾ ಸಿಗುತ್ತಿತ್ತು; ನಕ್ಕವರಿಗೆ ನೀರೂ ಇಲ್ಲ.

ಹೊಳೆಯಾಚೆಯ ಬೀಗರಿಗೆ ತೋರಿಸಲೆಂದು ಒಮ್ಮೆ ಆನೆಗೊಂದಿಯಲ್ಲಿ ಅದನ್ನು ಹರಗೋಲಿಗೆ ಏರಿಸಿದ. ಗಡಿಯಾರ ನಡೆಯುತ್ತಿರುವಾಗಲೇ ತೋರಿಸಬೇಕೆಂಬ ಹಟ ಬೇರೆ. ಕೂಸಿನಂತೆ ನೆಟ್ಟಗೆ ಎದೆಗವಚಿಕೊಂಡು ಕೂತ. ಸೆಳವಿಗೆ ಸಿಕ್ಕ ಹರಗೋಲು ಗರಗರ ತಿರುಗಿತು. ಲೋಲಕ ಪೆಟ್ಟಿಗೆಗೆ ಬಡಿದು ಬಡಿದು, ಗಡಿಯಾರ ನಡುಹೊಳೆಯಲ್ಲೇ ನಿಂತುಹೋಯಿತು.

ಎದುರು ಕೂತಿದ್ದ ಅಜ್ಜಿಯೊಬ್ಬಳು ಎಲೆಯಡಿಕೆ ಅಗಿಯುತ್ತ ಕೇಳಿದಳು: "ಹೊಳಿ ದಾಟಾಕ ಆಗಲಿಲ್ಲ ಇದಕ್ಕ. ಸಮುದ್ರದಾಗ ಹೆಂಗ ನಡೀತಿತ್ತೋ?"

"ಯವ್ವಾ, ಅದು ಉಪ್ಪುನೀರಿನ್ಯಾಗ ಬೆಳದದ್ದು. ಸಿಹಿನೀರು ಆಗಿಬರಂಗಿಲ್ಲ," ಎಂದ ದೊಡ್ಡಪ್ಪ.

ಹೊಯ್ದಾಡುವ ಹಡಗಿನಲ್ಲಿ ಯಾರೂ ಲೋಲಕದ ಗಡಿಯಾರ ಇಡುವುದಿಲ್ಲ ಎಂಬುದನ್ನು ಸಾಯುವವರೆಗೂ ಆತ ಒಪ್ಪಲಿಲ್ಲ. ನಿಂತ ಗಡಿಯಾರಕ್ಕೇ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚುತ್ತಿದ್ದ.

ರೆಸಾರ್ಟಿನ ಮಾಲೀಕನಿಗೂ ಹೇಳಿ ನೋಡಿದೆ: "ಕೆರಿಯಾಗ ನಿಮ್ಮ ಹರಗೋಲು ಅದಾವಲ್ರಿ. ಇದನ್ನ ಕುಂದ್ರಿಸಿ ಒಂದು ಸುತ್ತು ಹಾಕ್ಸ್ರಿ. ಖರೆ ಏನು, ಸುಳ್ಳು ಏನು ತಿಳೀತೈತಿ."

ಆತ ಗಾಬರಿಯಾದ. "ಬ್ಯಾಡ್ರಿ ಸರ್, ಹಡಗಿನ ಗಡಿಯಾರ ಅದು. ನೀರಿನ್ಯಾಗ ಒಯ್ದರ ಕೆಡತೈತಿ."