ಅರಮನೆ ಮಾಡು ಎಂದವಳು ನಾನೇ

ವರ್ಚುವಲ್ ರಿಯಾಲಿಟಿ ಕಲಿಸುವ ನನಗೆ ಅದರ ಹೆಡ್‌ಸೆಟ್ ಹಾಕಿಕೊಂಡರೆ ತಲೆ ಸುತ್ತುತ್ತದೆ. ಇದನ್ನು ನಮ್ಮ ಪ್ರಾಂಶುಪಾಲರಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ಕಣ್ಣಿಗೆ ಆ ಡಬ್ಬಿ ಕಟ್ಟಿಕೊಂಡು ಎರಡು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತೇನೆ. ಒಮ್ಮೆ ಹಾಗೆ ಸಿಕ್ಕಿದ್ದು ಪರೀಕ್ಷೆಗೆಂದು ಬಂದಿದ್ದ ಹಿರಿಯ ಪ್ರೊಫೆಸರರ ಕಿವಿ. ಸಜ್ಜನರು, ನಾನು ಬಿಡುವವರೆಗೂ ಬಗ್ಗಿಯೇ ನಿಂತಿದ್ದರು.

ನಾನು ಮೂಲತಃ ಚಿತ್ರಕಲೆಯ ಟೀಚರು. ಕಾಲೇಜಿಗೆ ಹೊಸ ಕೋರ್ಸು ಬಂದಾಗ, "ನೀವೂ ಬಣ್ಣದವರು, ಅದೂ ಬಣ್ಣದ್ದೇ" ಎಂದು ನನ್ನನ್ನು ಅತ್ತ ದೂಡಿದರು. ಸಾಫ್ಟ್‌ವೇರೆಲ್ಲ ಮಕ್ಕಳಿಗೇ ಚೆನ್ನಾಗಿ ಗೊತ್ತು. ನನಗೆ ಗೊತ್ತಿದ್ದದ್ದು ನೆರಳು ಎಲ್ಲಿ ಬೀಳಬೇಕು ಎಂಬುದಷ್ಟೆ. ಹಾಗಾಗಿ ಗೊತ್ತಿಲ್ಲದ ಕಡೆಯೆಲ್ಲ ಗಟ್ಟಿ ದನಿಯಲ್ಲಿ ಸಲಹೆ ಕೊಡುವುದನ್ನು ರೂಢಿಸಿಕೊಂಡೆ. ಪಾಠ ಹೇಳುವ ಕಸುಬಿನಲ್ಲಿ ಇದು ನಡೆಯುತ್ತದೆ. ಲಾವಣ್ಯಳ ವಿಷಯದಲ್ಲೂ ನಡೆದುಹೋಯಿತು.

ಲಾವಣ್ಯ ಕೊನೆಯ ವರ್ಷದಲ್ಲಿದ್ದಳು. ನೋಡುವವರು ಒಳಹೊಕ್ಕು ಓಡಾಡಬಹುದಾದ ಒಂದು ಜಾಗವನ್ನು ಪ್ರತಿಯೊಬ್ಬರೂ ರೂಪಿಸಬೇಕಿತ್ತು. ಅವಳ ತಂದೆ ಪುಟ್ಟಸ್ವಾಮಿಯವರು ಮಂಡಕಳ್ಳಿ ಕಡೆಯಿಂದ ಹರೆಯದಲ್ಲೇ ಬಂದು ಮಂಡಿ ಮೊಹಲ್ಲಾದಲ್ಲಿ ಹಿಟ್ಟಿನ ಮಿಲ್ಲು ಇಟ್ಟವರು. ಹುಡುಗಿ ಅಳತೆಪಟ್ಟಿ ಹಿಡಿದು ಆ ಮಿಲ್ಲನ್ನು ಮೂಲೆ ಮೂಲೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಹಿಟ್ಟು ಮೆತ್ತಿ ಹಗ್ಗದಷ್ಟು ದಪ್ಪಗಾದ ಜೇಡರಬಲೆಯೂ ಅದರಲ್ಲಿತ್ತು.

"ಮ್ಯಾಮ್, ನಮ್ಮಪ್ಪನ ಮಿಲ್ ಮಾಡ್ತೀನಿ. ಬೆಳಗ್ಗೆ ಹತ್ತು ಗಂಟೆಗೆ ಕಿಟಕಿಯಿಂದ ಬಿಸಿಲು ಬೀಳುತ್ತಲ್ಲ, ಆಗ ಹಿಟ್ಟು ಗಾಳೀಲಿ ಹಂಗೇ ನಿಂತಿರುತ್ತೆ. ಅದರೊಳಗೆ ನಡ್ಕೊಂಡು ಹೋಗೋ ಹಂಗೆ ಮಾಡ್ಬೇಕು."

ಗಾಳಿಯೂ ಬೀಸುತ್ತದೆ, ರಾಗಿಯನ್ನೂ ಬೀಸುತ್ತೇವೆ. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತನ್ನು ಯಾಕೆ ಇಟ್ಟುಕೊಂಡಿತೋ ಪಂಡಿತರೇ ಹೇಳಬೇಕು. ಆ ಹುಡುಗಿಯಂತೂ ಎರಡನ್ನೂ ಒಂದೇ ಕೋಣೆಯಲ್ಲಿ ಕಂಡಿದ್ದಳು. ಇದು ನನಗೆ ಹೊಳೆದದ್ದು ಈಚೆಗೆ. ಆವತ್ತು ನಾನು ಹೇಳಿದ್ದು ಬೇರೆ.

"ಹಿಟ್ಟಿನ ಮಿಲ್ಲು ನೋಡೋಕೆ ಹೆಡ್‌ಸೆಟ್ ಯಾಕಮ್ಮ? ಬೀದಿಗೊಂದಿದೆ. ಅರಮನೆ ಮಾಡು, ದೀಪ ಹಾಕು. ಜನ ಬಾಯಿ ಬಿಟ್ಕೊಂಡು ನೋಡ್ತಾರೆ."

ಕ್ಲಾಸು ನಕ್ಕಿತು. ನನ್ನ ಮಾತಿಗೆ ಕ್ಲಾಸು ನಕ್ಕರೆ ನಾನು ಅರ್ಧ ದಿನ ಸುಖವಾಗಿರುತ್ತೇನೆ. ಲಾವಣ್ಯ "ಸರಿ ಮ್ಯಾಮ್" ಎಂದು ನೋಟ್‌ಬುಕ್ ಮುಚ್ಚಿದಳು. ಅವಳು ಸ್ವಲ್ಪ ವಾದಿಸಿದ್ದರೆ ಒಪ್ಪಿಬಿಡುತ್ತಿದ್ದೆ ಎಂದು ಈಗ ಸಮಾಧಾನ ಹೇಳಿಕೊಳ್ಳಬಹುದು. ಸುಳ್ಳು. ಒಪ್ಪುತ್ತಿರಲಿಲ್ಲ.

ಅರಮನೆ ಅದ್ಭುತವಾಗಿ ಬಂತು. ಕಮಾನುಗಳ ಮೇಲಿಂದ ಪಾರಿವಾಳಗಳು ಏಳುತ್ತಿದ್ದವು. ಪ್ರದರ್ಶನದ ದಿನ ಅತಿಥಿಗಳು ಚಪ್ಪಾಳೆ ತಟ್ಟಿದರು, ಫೋಟೊದಲ್ಲಿ ನಾನೇ ಮುಂದೆ ನಿಂತೆ. ಪುಟ್ಟಸ್ವಾಮಿಯವರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಹುಬ್ಬಿನಲ್ಲಿ ಮಾತ್ರ ಹಿಟ್ಟು ಉಳಿದಿತ್ತು. ಹೆಡ್‌ಸೆಟ್ ತೆಗೆದು ಸಂಕೋಚದಿಂದ ಅಂದರು: "ಚೆನ್ನಾಗದೆ ಮೇಡಂ. ನಮ್ಮೂರ ಅರಮನೆ ಅಲ್ಲೇ ಅದಲ್ವಾ, ಬಸ್ಸಲ್ಲಿ ಬರ್ತಾ ನೋಡ್ಕೊಂಡೇ ಬಂದೆ."

ಅದರಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಆಗಲೇ ಚುಚ್ಚುತ್ತಿತ್ತು. ನಾನು ನಕ್ಕು, ಅವರ ಕೈಗೆ ಕಾಫಿ ಕೊಡಿಸಿದೆ.

ಮುಂದಿನ ವರ್ಷ ಕಾಗದ ಕೊಳ್ಳಲು ಮಂಡಿ ಮೊಹಲ್ಲಾಕ್ಕೆ ಹೋದಾಗ ಆ ಮಿಲ್ಲನ್ನು ಒಮ್ಮೆ ನೋಡೋಣ ಅನ್ನಿಸಿತು. ಅಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳು ನೇತಾಡುತ್ತಿದ್ದವು. ಕಟ್ಟಡದ ಮಾಲೀಕರು ಜಾಗ ಬಿಡಿಸಿಕೊಂಡರಂತೆ, ಮಿಷನ್ನು ಹಳೇ ಕಬ್ಬಿಣಕ್ಕೆ ಹೋಯಿತಂತೆ. ಅಲ್ಲೇ ನಿಂತು ಲಾವಣ್ಯಳಿಗೆ ಫೋನ್ ಮಾಡಿದೆ. ಅವಳು ಇಲ್ಲೇ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದಳು.

"ಆ ನೋಟ್‌ಬುಕ್ ಇದೆಯೇನಮ್ಮ?"

"ಇದೆ ಮ್ಯಾಮ್. ಫೋಟೊ, ಮಿಷನ್ ಸೌಂಡು ಲ್ಯಾಪ್‌ಟಾಪಲ್ಲಿದ್ವು. ಅರಮನೆ ಫೈಲು ದೊಡ್ಡದಾಯ್ತಲ್ಲ, ಜಾಗ ಸಾಲ್ಲಿಲ್ಲ. ಅಳಿಸ್ಬುಟ್ಟೆ."

ಆ ಮಿಲ್ಲನ್ನೇ ಈಗ ಮಾಡೋಣ ಎಂದೆ. ಆಮೇಲೆ ನಾಲ್ಕೈದು ತಿಂಗಳು, ಭಾನುವಾರ ಬಂದರೆ ಅಪ್ಪ ಮಗಳು ಸರಸ್ವತಿಪುರಂನ ನಮ್ಮ ಮನೆಗೆ ಬರುತ್ತಿದ್ದರು. ಪುಟ್ಟಸ್ವಾಮಿಯವರು ನೆನಪು ಮಾಡಿಕೊಂಡು ಹೇಳುವುದು, ನಾನು ಪೆನ್ಸಿಲ್ಲಿನಲ್ಲಿ ಗೀಚುವುದು, ಲಾವಣ್ಯ ಅದನ್ನು ಲ್ಯಾಪ್‌ಟಾಪಿಗೆ ಏರಿಸುವುದು. ಬೆಲ್ಟು ಯಾವ ಕಡೆಗೆ ತಿರುಗುತ್ತಿತ್ತು, ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆ ಯಾವ ಬಣ್ಣದ್ದು, ಎಲ್ಲ ಅವರಿಗೆ ಗೊತ್ತಿತ್ತು. ಸದ್ದು ಮಾತ್ರ ಸಿಗಲಿಲ್ಲ. ಬೇರೊಂದು ಮಿಲ್ಲಿನದನ್ನು ರೆಕಾರ್ಡ್ ಮಾಡಿ ತಂದು ಕೇಳಿಸಿದೆವು. ತಲೆಯಾಡಿಸಿದರು.

"ಇದು ನಮ್ಮ ಮಿಷನ್ನಲ್ಲ ಕಣವ್ವ. ನಮ್ದು ರಾಗಿಗೊಂದು ದನಿ, ಗೋಧಿಗೊಂದು ದನಿ."

ಕೊನೆಗೆ ಮಿಲ್ಲು ಮೂಕವಾಗಿಯೇ ತಿರುಗಿತು.

ಎಲ್ಲ ಮುಗಿದ ದಿನ ಅವರು ಹೆಡ್‌ಸೆಟ್ ಹಾಕಿಕೊಂಡು ನಮ್ಮ ಮನೆಯ ಹಾಲ್‌ನ ನಡುವೆ ನಿಂತರು. ತುಸು ಹೊತ್ತಿಗೆ ಬಲಗೈ ಮುಂದೆ ಚಾಚಿ ಹೆಬ್ಬೆರಳಿಗೂ ತೋರುಬೆರಳಿಗೂ ಹಿಟ್ಟು ಹಚ್ಚಿ ಉಜ್ಜುವಂತೆ ಉಜ್ಜಿ ನೋಡಿದರು. ನುಣ್ಣಗಾಗಿದೆಯೋ ಇಲ್ಲವೋ ಎಂದು. ಬೆರಳ ನಡುವೆ ಏನೂ ಇರಲಿಲ್ಲ. ನಾನೂ ಲಾವಣ್ಯಳೂ ಬೇರೆ ಬೇರೆ ಕಡೆ ನೋಡಿದೆವು.

"ಎಲ್ಲಾ ಅದೆ ಮಗಾ," ಅಂದರು. "ಜನಾನೇ ಇಲ್ವಲ್ಲ. ನಾನು ಯಾರಿಗೆ ಬೀಸ್ಕೊಡ್ಲಿ?"

ಜನರನ್ನು ಮಾಡುವುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟ. ನಮ್ಮ ಅರಮನೆಯಲ್ಲೂ ಯಾರೂ ಇರಲಿಲ್ಲ. "ಎಷ್ಟು ಕ್ಲೀನಾಗಿದೆ" ಎಂದು ಅದಕ್ಕೇ ನಾನು ಹೊಗಳಿದ್ದೆ. ಲಾವಣ್ಯ ಸ್ವಲ್ಪ ಯೋಚಿಸಿ ಕೇಳಿದಳು: "ಮ್ಯಾಮ್, ನೀವೇ ಗಿರಾಕಿ ಥರ ನಿಂತ್ಕೊಳ್ತೀರಾ?"

ಅಡುಗೆಮನೆಯಿಂದ ಸ್ಟೀಲಿನ ಡಬ್ಬ ತಂದು ನಿಂತೆ. ಪುಟ್ಟಸ್ವಾಮಿಯವರು ಹೆಡ್‌ಸೆಟ್ ತೆಗೆದು ಹತ್ತಿರ ಬಂದು, "ಹಂಗಲ್ಲ ಮೇಡಂ, ಸೊಂಟಕ್ಕೆ ಆನಿಸ್ಕೊಳ್ಳಿ" ಎಂದು ತಿದ್ದಿದರು. ಲಾವಣ್ಯ ಫೋನ್ ಹಿಡಿದು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತ ಫೋಟೊ ತೆಗೆದು, ಅವುಗಳಿಂದ ನನ್ನದೊಂದು ಬೊಂಬೆ ಮಾಡಿ ಮಿಲ್ಲಿನೊಳಗೆ ನಿಲ್ಲಿಸಿದಳು.

ಈಗ ಆ ಮಿಲ್ಲಿಗೆ ನಾನೊಬ್ಬಳೇ ಗಿರಾಕಿ. ಪುಟ್ಟಸ್ವಾಮಿಯವರು ಆಗಾಗ ಒಳಗೆ ಹೋಗಿ, ನನ್ನ ಮುಂದೆ ನಿಂತು, "ಒಸಿ ಇರವ್ವ, ಆಯ್ತು" ಅನ್ನುತ್ತಾರಂತೆ. ಮೊನ್ನೆ ಲಾವಣ್ಯ ಫೋನ್ ಮಾಡಿ, ನಾನು ಡಬ್ಬ ಕೊಟ್ಟು, ಹಿಟ್ಟು ಇಸಕೊಂಡು ಹೊರಡುವ ಹಾಗೆ ಮಾಡಲು ಇನ್ನೂ ತುಂಬ ದಿನ ಹಿಡಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

"ಅರ್ಜೆಂಟೇನಿಲ್ಲ ಕಣಮ್ಮ," ಎಂದೆ. "ಕಾಯ್ತೀನಿ."